"ಆ ಕಡೆ ವೈರಸ್ಸೇ ಬೇರೆ ಜಾತಿದಂತೆ": ಎಚ್‌ಐವಿ ಊರಿಗೊಂದು ಥರ ಇರತೈತೇನು?

ಘಟಪ್ರಭಾ_ದಂಡೆ · ಶನಿವಾರ ರಾತ್ರಿ 9:42
ನಮಸ್ಕಾರ್ರೀ ಎಲ್ಲಾರಿಗೂ. ನಾ ಬಾಗಲಕೋಟಿ ಜಿಲ್ಲಾದಾಂವ, ಹತ್ತು ವರ್ಷದಿಂದ ಬೆಂಗಳೂರಾಗ ಅದೀನಿ. ಹೋದ ಐತವಾರ ತಮ್ಮಗ ಹೆಣ್ಣು ನೋಡಾಕಂತ ದಕ್ಷಿಣದ ಕಡೆ ಒಂದೂರಿಗೆ ಹೋಗಿದ್ವಿ. ಕೇಸರಿಬಾತು, ಕಾಫಿ, ಮಾತುಕತಿ ಎಲ್ಲಾ ಚಲೋ ಆತು. ಹೊರಗ ಬಂದು ಚಪ್ಪಲಿ ಹಾಕ್ಕೊಳ್ಳಾಕತ್ತಾಗ ಹುಡುಗಿ ಸೋದರಮಾವ ನನ್ನ ಬಾಜೂಕ ಕರದು, "ತಪ್ಪು ತಿಳ್ಕೋಬೇಡಿ, ನಿಮ್ಮ ಕಡೆ ಏಡ್ಸು ಜಾಸ್ತಿಯಂತೆ, ಅಲ್ಲಿ ವೈರಸ್ಸೇ ಬೇರೆ ಜಾತಿದಂತೆ, ಟೆಸ್ಟಲ್ಲೂ ಸಿಗಲ್ವಂತೆ" ಅಂದ್ರು. ಫೋನ್ ತಗದು ಒಂದು ನಕ್ಷೆ ತೋರ್ಸಿದ್ರು. ಜಗತ್ತಿನ ನಕ್ಷೆ, ದೇಶಕ್ಕೊಂದು ಬಣ್ಣ, ಮ್ಯಾಲ ಎ, ಬಿ, ಸಿ ಅಂತ ಅಕ್ಷರ. ಭಾರತ ಪೂರ್ತಿ ಒಂದ ಬಣ್ಣ. ಬಾಗಲಕೋಟಿ ಅದರಾಗ ಎಲ್ಲೂ ಇರಲಿಲ್ಲ. ಆದ್ರೂ ಆ ಹೊತ್ತಿಗೆ ನನ್ನ ಬಾಯಿಂದ ಮಾತ ಹೊರಡಲಿಲ್ಲ ನೋಡ್ರಿ.

ಪ್ರಶ್ನೆ ಎರಡು. ಊರಿಗೊಂದು ಥರದ ಎಚ್‌ಐವಿ ಇರತೈತೇನು? ಮತ್ತ ನಮ್ಮ ಜಿಲ್ಲಾದಾಗ ಅಷ್ಟು ಜಾಸ್ತಿ ಆಗಿದ್ದು ಯಾಕ? ತಿಳದವರು ಹೇಳ್ರಿ.

ಜೋಳದ_ರೊಟ್ಟಿ · 9:50
ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೇ ಎಲ್ಲಾ ಸೋದರಮಾವಂದ್ರೂ ಡಾಕ್ಟರ್ ಆಗತಾರ. ಮತ್ತ ಅದು ಕೇಸರಿಬಾತು ಅಲ್ಲಪಾ, ಶಿರಾ. ಬೆಂಗಳೂರಿಗೆ ಹೋಗಿ ಹೆಸರೂ ಮರತಿ.

ರಸಬಾಳೆ · 9:58
ನಮ್ ಕಡೆಯವರ ಪರವಾಗಿ ನಾನೇ ಕ್ಷಮೆ ಕೇಳ್ತೀನಿ ಸಾರ್. ಆದ್ರೂ ಒಂದ್ ಮಾತು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಅಂತ ಒಂದ್ ಕಾಲದಲ್ಲಿ ಪೇಪರ್‌ನಲ್ಲಿ ದಿನಾ ಬರ್ತಿತ್ತಲ್ಲ? ಬೆಂಕಿ ಇಲ್ದೆ ಹೊಗೆ ಆಡಲ್ಲ.

ಸೂಕ್ಷ್ಮದರ್ಶಕ · 10:15
ಮೊದಲನೇ ಪ್ರಶ್ನೆ ನಾನು ತಗೋತೀನಿ, ವೈರಾಣುಗಳ ಮೇಲೆ ಕೆಲಸ ಮಾಡೋನು.

ಎಚ್‌ಐವಿಯಲ್ಲಿ 1 ಮತ್ತು 2 ಅಂತ ಎರಡಿವೆ. ಜಗತ್ತೆಲ್ಲ ಹಬ್ಬಿರೋದು 1. ಅದರೊಳಗೆ ಎಂ ಅನ್ನೋ ದೊಡ್ಡ ಗುಂಪು, ಆ ಗುಂಪಿನೊಳಗೆ ಎ, ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ ಅನ್ನೋ ಸಬ್‌ಟೈಪ್‌ಗಳು, ಅಂದ್ರೆ ಒಳಜಾತಿಗಳು. 2019ರಲ್ಲಿ ಎಲ್ ಸೇರಿತು. ಮಧ್ಯದ ಇ ಮತ್ತು ಐ ಎಲ್ಲಿ ಹೋದವು ಅಂದ್ರೆ, ಅವು ಬೇರೆ ಸಬ್‌ಟೈಪ್‌ಗಳು ಕೂಡಿ ಹುಟ್ಟಿದ ಬೆರಕೆ ಅಂತ ಆಮೇಲೆ ಗೊತ್ತಾಗಿ ಪಟ್ಟಿಯಿಂದ ಬಿದ್ದುಹೋದವು. ಎಲ್ಲದರ ತವರು ಒಂದೇ: 1920ರ ಆಸುಪಾಸಿನ ಕಿನ್ಶಾಸಾ, ಈಗಿನ ಕಾಂಗೋ ದೇಶದ ರಾಜಧಾನಿ. ಅಲ್ಲಿಂದ ರೈಲು, ದೋಣಿ, ಕೂಲಿಕಾರರ ಓಡಾಟ ಹಿಡಿದು ಒಂದೊಂದು ಕವಲು ಒಂದೊಂದು ದಿಕ್ಕಿಗೆ ಹೋಯ್ತು. ಅಮೆರಿಕ, ಪಶ್ಚಿಮ ಯುರೋಪಿಗೆ ಬಿ. ಪೂರ್ವ ಆಫ್ರಿಕಾದಲ್ಲಿ ಎ ಮತ್ತು ಡಿ. ರಷ್ಯಾ ಕಡೆ ಎ. ಆಫ್ರಿಕಾದ ದಕ್ಷಿಣ ತುದಿ, ಇಥಿಯೋಪಿಯಾ, ಭಾರತದಲ್ಲಿ ಸಿ. 2010ರಿಂದ 2015ರ ಲೆಕ್ಕದಲ್ಲಿ ಪ್ರಪಂಚದ ಸೋಂಕುಗಳಲ್ಲಿ ಶೇ. 46.6 ಸಿ, ಶೇ. 12.1 ಬಿ. ಸಿನಿಮಾ, ಪತ್ರಿಕೆಗಳಲ್ಲಿ ನಾವು ನೋಡಿದ ಏಡ್ಸ್ ಹೆಚ್ಚಾಗಿ ಬಿಯದು. ಜಾಸ್ತಿ ಜನರಿಗೆ ಬಂದದ್ದು ಸಿ.

ಭಾರತದಲ್ಲಿ ಶೇ. 95ಕ್ಕಿಂತ ಹೆಚ್ಚು ಸಿ. ಬಾಗಲಕೋಟೆಗೂ ಅದೇ, ಮೈಸೂರಿಗೂ ಅದೇ, ಆ ಸೋದರಮಾವನ ಬೀದಿಗೂ ಅದೇ. ಇನ್ನು ಟೆಸ್ಟಲ್ಲಿ ಸಿಗಲ್ಲ ಅನ್ನೋದು ಶುದ್ಧ ಸುಳ್ಳು. ಸರ್ಕಾರಿ ಕೇಂದ್ರದಲ್ಲಿ ಒಂದು ಕಿಟ್‌ನಲ್ಲಿ ಪಾಸಿಟಿವ್ ಬಂದ್ರೆ ಅದೇ ರಕ್ತವನ್ನ ಬೇರೆ ಬೇರೆ ಥರದ ಇನ್ನೆರಡು ಕಿಟ್‌ಗಳಲ್ಲಿ ನೋಡ್ತಾರೆ. ಎ ಬರಲಿ ಸಿ ಬರಲಿ ಗೆರೆ ಮೂಡುತ್ತೆ.

ರಸಬಾಳೆ · 10:21
ಒಂದೇ ಜಾತಿ ಅಂದ್ಮೇಲೆ ಒಂದ್ ಕಡೆ ಜಾಸ್ತಿ ಒಂದ್ ಕಡೆ ಕಮ್ಮಿ ಯಾಕೆ?

ಸೂಕ್ಷ್ಮದರ್ಶಕ · 10:22
ಅದು ವೈರಾಣುವಿನ ಪ್ರಶ್ನೆ ಅಲ್ಲ, ಮನುಷ್ಯರ ಪ್ರಶ್ನೆ. ಗೊತ್ತಿರೋರು ಬರಲಿ.

ಕೂಡ್ಲದ_ಮಾಣಿ · 10:31
ಒಂದು ಡೌಟು ಮಾರಾಯ್ರೇ. ಮದ್ದೆಲ್ಲ ಮೊದಲು ಅಮೆರಿಕದಲ್ಲಿ, ಯುರೋಪಿನಲ್ಲಿ ಬಿ ಮೇಲೆ ನೋಡಿದ್ದಲ್ವಾ? ನಮ್ಮದು ಸಿ ಆದ್ರೆ ಆ ಮದ್ದು ತಾಗ್ತದಾ?

ಸೂಕ್ಷ್ಮದರ್ಶಕ · 10:44
ತಾಗುತ್ತೆ. ಎಲ್ಲ ಸಬ್‌ಟೈಪ್‌ಗೂ ಒಂದೇ ಮಾತ್ರೆ. ಆದ್ರೆ ಪ್ರಶ್ನೆ ಒಳ್ಳೇದು. ಮಾತ್ರೆ ತಪ್ಪಿಸಿದಾಗ ವೈರಾಣು ಮದ್ದಿಗೆ ಬಗ್ಗದ ಹಾಗೆ ರೂಪ ಬದಲಿಸುತ್ತೆ. ಟೆನೊಫೊವಿರ್ ಅನ್ನೋ ಎಚ್‌ಐವಿ ಮದ್ದಿಗೆ ಬಗ್ಗದಿರೋ ಒಂದು ಬದಲಾವಣೆ, ಕೆ65ಆರ್ ಅಂತ ಹೆಸರು, ಬಿಗಿಂತ ಸಿಯಲ್ಲಿ ಸುಲಭವಾಗಿ ಹುಟ್ಟುತ್ತೆ. ಈಗ ಕೊಡೋ ಟಿಎಲ್‌ಡಿ ಅನ್ನೋ ಮೂರು ಮದ್ದಿನ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನೋ ಗಟ್ಟಿ ಮದ್ದೂ ಇರೋದ್ರಿಂದ ಆ ಭಯ ಬಹಳ ಕಡಿಮೆಯಾಗಿದೆ. ಸಿ ಮೇಲೆ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲಿ ವರ್ಷಗಳಿಂದ ಕೆಲಸ ನಡೆದಿದೆ. ಬೆಂಗಳೂರಿನವರಿಗೇ ಅದು ಗೊತ್ತಿಲ್ಲ.

ಲೆಕ್ಕದ_ಮೇಷ್ಟ್ರು · 10:58
ಸೂಕ್ಷ್ಮದರ್ಶಕರೇ, "ಮನುಷ್ಯರ ಪ್ರಶ್ನೆ" ಅಂತ ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ಉಗಾಂಡಾದಲ್ಲಿ ಡಿ ಬಂದವರು ಎ ಬಂದವರಿಗಿಂತ ಬೇಗ ಹಾಸಿಗೆ ಹಿಡಿದರು ಅಂತ ಅಲ್ಲಿನ ಅಧ್ಯಯನಗಳೇ ಹೇಳಿವೆ. 2022ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬಿಯದೇ ಒಂದು ಜೋರಾದ ಕವಲು ಸಿಕ್ಕಿತು, ರಕ್ತದಲ್ಲಿ ವೈರಾಣು ಹೆಚ್ಚು, ಸಿಡಿ4, ಅಂದ್ರೆ ರೋಗ ತಡೆಯೋ ರಕ್ತಕಣಗಳ ಲೆಕ್ಕ, ಬೇಗ ಇಳಿಯುತ್ತೆ. ಜಾತಿಗೆ ಬೆಲೆಯೇ ಇಲ್ಲ ಅಂದ್ರೆ ಅದೂ ತಪ್ಪೇ.

ಸೂಕ್ಷ್ಮದರ್ಶಕ · 11:03
ಒಪ್ಪಿದೆ. ಆದ್ರೆ ಆ ಡಚ್ ಕವಲಿನವರೂ ಮದ್ದು ಶುರು ಮಾಡಿದ ಮೇಲೆ ಉಳಿದವರ ಹಾಗೇ ಸುಧಾರಿಸಿದ್ರು. ಆ ಸಾಲನ್ನೂ ಸೇರಿಸಿ ಹೇಳಿ ಮೇಷ್ಟ್ರೇ.

ಆಪ್ತಸಮಾಲೋಚಕಿ_14 · ಭಾನುವಾರ ಬೆಳಗ್ಗೆ 7:20
ಎರಡನೇ ಪ್ರಶ್ನೆಗೆ ನಾನು. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನ ಐಸಿಟಿಸಿಯಲ್ಲಿ, ಅಂದ್ರೆ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡೋ ಸರ್ಕಾರಿ ಕೇಂದ್ರದಲ್ಲಿ, ಹದಿನಾಲ್ಕು ವರ್ಷ ಕೂತೋಳು.

2000ದ ದಶಕದ ಮೊದಲ ವರ್ಷಗಳಲ್ಲಿ ಬಾಗಲಕೋಟೆಯಲ್ಲಿ ಗರ್ಭಿಣಿಯರ ರಕ್ತಪರೀಕ್ಷೆಯಲ್ಲೇ ಪಾಸಿಟಿವ್ ಪ್ರಮಾಣ ಶೇ. 1 ದಾಟಿತ್ತು. ಅದು ನಿಜ, ಮುಚ್ಚಿಡೋದೇನಿಲ್ಲ. ಆದ್ರೆ ಯಾಕೆ? ಮಳೆ ನಂಬಿದ ಹೊಲ. ಬೆಳೆ ಕೈಕೊಟ್ಟ ವರ್ಷ ಗಂಡಸರು ಕಬ್ಬು ಕಡಿಯೋಕೆ ಸಾಂಗ್ಲಿ, ಕೊಲ್ಲಾಪುರದ ಕಡೆ, ಗೌಂಡಿ ಕೆಲಸಕ್ಕೆ ಗೋವಾ, ಪುಣೆ. ತಿಂಗಳುಗಟ್ಟಲೆ ಮನೆ ಬಿಟ್ಟು ಇರೋರು. ಇನ್ನೊಂದು ಕಡೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ 1982ರದ್ದು, ಹೊಟ್ಟೆಗೆ ಮಾತ್ರ ಅದರಲ್ಲಿ ಏನೂ ಬರೆದಿರಲಿಲ್ಲ. ಅವರೂ ಅದೇ ಸಾಂಗ್ಲಿ, ಅದೇ ಮುಂಬೈಗೆ ಹೋದ್ರು, ಮೈಗೆ ಆಗದೇ ಇದ್ದಾಗ ಊರಿಗೆ ವಾಪಸ್ ಬಂದ್ರು. ಹೆದ್ದಾರಿ ಬೇರೆ. ಆಗ ಕಾಂಡೋಮ್ ಬೇಕು ಅಂದ್ರೆ ಮೆಡಿಕಲ್ ಸ್ಟೋರ್‌ನವನು ಪೇಪರಲ್ಲಿ ಸುತ್ತಿ, ಅತ್ತಿತ್ತ ನೋಡಿ ಕೊಡ್ತಿದ್ದ.

ನನ್ನ ಮುಂದೆ ಕೂತ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ, ಮದುವೆ. ಮೊದಲ ಬಸಿರಿನ ಪರೀಕ್ಷೆಗೆ ಬಂದಾಗ ಗೊತ್ತಾಗೋದು. ಗಂಡನ್ನ ಕರ್ಕೊಂಡು ಬಾರಮ್ಮ ಅಂದ್ರೆ ಅತ್ತೆ ಬರ್ತಿದ್ಲು.

ಒಬ್ಬಾಕೆ ಈಗಲೂ ಬರ್ತಾಳೆ. ಎಆರ್‌ಟಿ, ಅಂದ್ರೆ ಎಚ್‌ಐವಿ ಮಾತ್ರೆಯ ಡಬ್ಬಿ ಬಸ್ಸಿನಲ್ಲಿ ಗಲಗಲ ಅನ್ನುತ್ತೆ ಅಂತ ಮನೆಯಿಂದ ಹತ್ತಿ ತಂದು ಒಳಗೆ ತುರುಕ್ತಾಳೆ. ಚೀಟಿಯನ್ನ ಉಗುರಲ್ಲಿ ಕೆರೆದು ಕಿತ್ತು ನನ್ನ ಕಸದ ಬುಟ್ಟಿಗೇ ಹಾಕಿ ಹೋಗ್ತಾಳೆ. ನಿಮ್ಮ ಸೋದರಮಾವನ ನಕ್ಷೆಗೆ ಹೆದರಿಯೇ ಅವಳು ಹಾಗೆ ಮಾಡೋದು.

ಜೋಳದ_ರೊಟ್ಟಿ · 7:41
ಅಕ್ಕಾರ, ನಮಸ್ಕಾರ. ಹತ್ತಿ ಮಾತು ಓದಿ ಚಹಾ ಆರಿ ಹೋತು.

ಹಳೇ_ಲಾರಿ · 8:05
ಹೆದ್ದಾರಿ ಅಂದ ತಕ್ಷಣ ಡ್ರೈವರ್‌ಗಳ ತಲೆಗೆ ಕಟ್ಟಬೇಡಿ. ನಮ್ಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದ್ರು. ಆ ಕಾಲದಲ್ಲಿ ಡಾಬಾದಲ್ಲಿ ಬೀದಿ ನಾಟಕ ಮಾಡೋರೂ ನಮ್ಮವರನ್ನೇ ನಿಲ್ಲಿಸಿ ಬುದ್ಧಿ ಹೇಳೋರು. ಊರಿಗೆ ಬಂದ್ರೆ ಹೋಟೆಲಲ್ಲಿ ಲೋಟ ಬೇರೆ. ಲಾರಿ ಮಾಲೀಕ, ಕಾರಲ್ಲಿ ಓಡಾಡೋ ಕಂಟ್ರಾಕ್ಟರ್, ಇವರನ್ನ ಯಾರಾದ್ರೂ ನಿಲ್ಲಿಸಿ ಕೇಳಿದ್ರಾ?

ಆಪ್ತಸಮಾಲೋಚಕಿ_14 · 8:30
ಕೇಳಿಲ್ಲ, ನೀವು ಹೇಳಿದ್ದು ಸರಿ ಅಣ್ಣ. ಕಾರಲ್ಲಿ ಬರೋರು ಖಾಸಗಿ ಲ್ಯಾಬ್‌ಗೆ ಹೋಗ್ತಾರೆ, ನಮ್ಮ ರಿಜಿಸ್ಟರ್‌ಗೆ ಬರೋದೇ ಇಲ್ಲ.

ಲೆಕ್ಕದ_ಮೇಷ್ಟ್ರು · 8:47
ಇಲ್ಲೇ ಇರೋದು ನನ್ನ ತಕರಾರು. ಜಿಲ್ಲಾವಾರು ಲೆಕ್ಕ ಬಯಲು ಮಾಡಿದ್ದೇ ತಪ್ಪು. ಅದರಿಂದಲೇ ಈ ನಕ್ಷೆಗಳು, ಈ ಹೆಣ್ಣು ಕೊಡಲ್ಲ ಅನ್ನೋ ಮಾತು.

ಆಪ್ತಸಮಾಲೋಚಕಿ_14 · 8:59
ಆ ಲೆಕ್ಕ ಬಯಲಾಗದಿದ್ರೆ ನಮ್ಮ ತಾಲ್ಲೂಕಿಗೆ ಒಂದು ಕುರ್ಚಿ, ಒಂದು ಕಿಟ್ ಬರ್ತಿರಲಿಲ್ಲ ಮೇಷ್ಟ್ರೇ. ಲೆಕ್ಕ ನೋಡಿಯೇ ಆಗ ಬಾಗಲಕೋಟೆಗೆ ಎಚ್‌ಐವಿ ತಡೆಯೋ ಭಾರತ-ಕೆನಡಾ ಯೋಜನೆ ಬಂತು, ಹಳ್ಳಿ ಹಳ್ಳಿಗೆ ಜನ ಹೋದ್ರು. ಆಮೇಲೆ ಪ್ರಮಾಣ ಇಳೀತು. ಇಳಿದದ್ದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಲೆಕ್ಕದ_ಮೇಷ್ಟ್ರು · 9:10
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ಊರಿನ ಹೆಸರು ಬೇಡವಾಗಿತ್ತು ಅನ್ನಿಸುತ್ತೆ.

ರಸಬಾಳೆ · 9:16
ಮೈಸೂರಲ್ಲೇ ಲೈಂಗಿಕ ಕಾರ್ಯಕರ್ತೆಯರು ಸೇರಿ ಕಟ್ಟಿದ ಆಶೋದಯ ಸಮಿತಿ ಇದೆ. ನಮ್ ಕಡೆ ಕಾಯಿಲೆ ಇಲ್ದಿದ್ರೆ ಅದ್ಯಾಕೆ ಹುಟ್ತಿತ್ತು ಅಂತ ಈಗ ಹೊಳೀತು. ನಿನ್ನೆ ನಾನು ಹೇಳಿದ ಹೊಗೆ ಮಾತು ವಾಪಸ್ ತಗೊಂಡೆ.

ನಿದ್ದೆಗೇಡಿ · 9:40
ತ್ರಿಪುರಾದಲ್ಲಿ ಒಂದೇ ವರ್ಷದಲ್ಲಿ 828 ಸ್ಟೂಡೆಂಟ್ಸ್‌ಗೆ ಬಂದಿದೆ, 47 ಜನ ಹೋಗಿದ್ದಾರೆ ಗೊತ್ತಾ? ಅದು ಬೇರೆ ಡೇಂಜರ್ ಸಬ್‌ಟೈಪ್ ಇರಬೇಕು.

ಲೆಕ್ಕದ_ಮೇಷ್ಟ್ರು · 9:52
ಒಂದೇ ವರ್ಷದಲ್ಲಿ ಅಲ್ಲ ಸ್ವಾಮಿ. 2024ರ ಜುಲೈನಲ್ಲಿ ಆ ಸುದ್ದಿ ಓಡಿದ್ದೇ ಓಡಿದ್ದು. ಆಮೇಲೆ ಅಲ್ಲಿನ ಏಡ್ಸ್ ನಿಯಂತ್ರಣ ಸೊಸೈಟಿಯೇ ಸ್ಪಷ್ಟ ಮಾಡಿತು: ಅದು 2007ರ ಏಪ್ರಿಲ್‌ನಿಂದ 2024ರ ಮೇವರೆಗಿನ ಒಟ್ಟು ಲೆಕ್ಕ. ಹದಿನೇಳು ವರ್ಷದ್ದನ್ನ ಒಂದೇ ವರ್ಷಕ್ಕೆ ಸುರಿದ್ರೆ ಯಾವ ಊರಾದ್ರೂ ಮುಳುಗುತ್ತೆ. ಸಬ್‌ಟೈಪ್ ಮಾತು ಅದರಲ್ಲಿ ಬಂದೇ ಇಲ್ಲ. ಬಂದದ್ದು ಡ್ರಗ್ಸ್ ಚುಚ್ಚಿಕೊಳ್ಳೋ ಸಿರಿಂಜ್.

ಇಂಫಾಲ_ನೆನಪು · 10:20
ಈಶಾನ್ಯದ ಮಾತು ಬಂತು ಅಂತ ಬರೀತಿದ್ದೀನಿ. ಸೇನೆಯಲ್ಲಿದ್ದಾಗ ಮಣಿಪುರದಲ್ಲಿ ಮೂರು ವರ್ಷ ಇದ್ದೆ. ಗಡಿಯ ಮೋರೆ ಪಟ್ಟಣದಿಂದ ಆಚೆ ಮ್ಯಾನ್ಮಾರ್. ಹೆರಾಯಿನ್ ಆ ದಾರಿಯಲ್ಲೇ ಬರ್ತಿತ್ತು. ಒಂದೇ ಸೂಜಿ ನಾಲ್ಕು ಕೈ. 1990ರ ಹೊತ್ತಿಗೆ ಅಲ್ಲಿ ಚುಚ್ಚಿಕೊಳ್ಳೋ ಹುಡುಗರಲ್ಲಿ ಎಚ್‌ಐವಿ ಕಾಳ್ಗಿಚ್ಚಿನ ಹಾಗೆ ಹಬ್ಬಿತ್ತು. ಆ ಹುಡುಗರಲ್ಲಿ ಸಿ ಇತ್ತು, ಥಾಯ್ಲೆಂಡ್ ಕಡೆಯ ಬಿಯೂ ಇತ್ತು, ಎರಡೂ ಸೇರಿದ ಬೆರಕೆಯೂ ಸಿಕ್ಕಿತು. ದೇಶದಲ್ಲೆಲ್ಲ ಒಂದೇ ಬಣ್ಣ ಇರೋ ನಿಮ್ಮ ನಕ್ಷೆಯಲ್ಲಿ ಆ ಮೂಲೆಗೆ ಬೇರೆ ಬಣ್ಣ ಬಳಿಯಬೇಕು.

ನಿದ್ದೆಗೇಡಿ · 10:26
ನೋಡಿ, ಅದೇ ನಾನು ಹೇಳಿದ್ದು. ಬಿ ಅಂದ್ರೆ ಡ್ರಗ್ಸ್‌ನವರದು, ಸಿ ಅಂದ್ರೆ ಹೆಂಗಸರ ಸಹವಾಸದ್ದು.

ಸೂಕ್ಷ್ಮದರ್ಶಕ · 10:50
ಇದೇ ಅಪಾರ್ಥಕ್ಕೆ ತಜ್ಞರೂ ಒಂದು ಕಾಲದಲ್ಲಿ ಬಿದ್ದಿದ್ರು. ಬ್ಯಾಂಕಾಕ್‌ನಲ್ಲಿ 1990ರ ಸುಮಾರಿಗೆ ಸೂಜಿಯವರಲ್ಲಿ ಬಿ, ಲೈಂಗಿಕ ಸಂಪರ್ಕದಿಂದ ಬಂದವರಲ್ಲಿ ಎಇ ಅನ್ನೋ ಬೆರಕೆ. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಸಲಿಂಗಿ ಗಂಡಸರಲ್ಲಿ ಬಿ, ಆಮೇಲೆ ಗಂಡು-ಹೆಣ್ಣಿನ ನಡುವೆ ಸಿ. ವೈರಾಣು ಜನ ನೋಡಿ ಆರಿಸ್ಕೊಳ್ತಾ ಇದೆ ಅಂತ ವಾದ ಹುಟ್ಟಿತು. ಕೆಲವೇ ವರ್ಷದಲ್ಲಿ ಬ್ಯಾಂಕಾಕ್‌ನ ಸೂಜಿಯವರಿಗೂ ಎಇ ಬಂತು, ವಾದ ಬಿತ್ತು. ಆ ಗುಂಪಿಗೆ ಮೊದಲು ಯಾವುದು ಬಂದು ಸೇರಿತೋ ಅದು ಅಲ್ಲಿ ಬೆಳೆದಿತ್ತು, ಅಷ್ಟೇ. ಜಾತ್ರೆಗೆ ಯಾವ ಊರಿನ ಬಸ್ ಮೊದಲು ಬಂತು ಅನ್ನೋ ಹಾಗೆ. ಬಸ್ಸಿನ ಬೋರ್ಡ್ ನೋಡಿ ಒಳಗೆ ಕೂತವರ ನಡತೆ ಹೇಳೋಕಾಗುತ್ತಾ?

ಅಪಾಯ ಲೆಕ್ಕ ಹಾಕಬೇಕು ಅಂದ್ರೆ ಹೀಗೆ ಹಾಕಿ. ಸೋಂಕು ಇದ್ದು ಮದ್ದು ತಗೊಳ್ಳದವರ ಜೊತೆ, ಯಾವ ರಕ್ಷಣೆಯೂ ಇಲ್ಲದೆ, ಹತ್ತು ಸಾವಿರ ಸಲಕ್ಕೆ ಎಷ್ಟು ಸಲ ದಾಟಬಹುದು? ಹಂಚಿಕೊಂಡ ಸೂಜಿ 63. ಗುದಸಂಭೋಗದಲ್ಲಿ ಸ್ವೀಕರಿಸೋರಿಗೆ 138. ಯೋನಿಸಂಭೋಗದಲ್ಲಿ ಹೆಣ್ಣಿಗೆ 8. ಸೋಂಕಿನ ರಕ್ತ ಏರಿಸಿದ್ರೆ 9250. ಈ ಅಂದಾಜಿನಲ್ಲಿ ಎ ಬಿ ಸಿ ಅಂತ ಕಲಂ ಇಲ್ಲ.

ಕೂಡ್ಲದ_ಮಾಣಿ · 11:02
8 ಅಂದ್ರೆ ಕಮ್ಮಿಯೇ ಅಲ್ವಾ ಹಾಗಾದ್ರೆ?

ಆಪ್ತಸಮಾಲೋಚಕಿ_14 · 11:09
ಒಂದು ರಾತ್ರಿಗೆ ಕಮ್ಮಿ. ಹತ್ತು ವರ್ಷದ ಸಂಸಾರಕ್ಕೆ ಗುಣಿಸಿ ನೋಡು ತಮ್ಮಾ.

ಗರಿಗರಿ_ಶೇವ್ · 11:30
ಕಟಿಂಗ್ ಶಾಪಿನ ಬ್ಲೇಡಿಂದ ಬರುತ್ತಾ? ಸೊಳ್ಳೆಯಿಂದ?

ಜೋಳದ_ರೊಟ್ಟಿ · 11:32
ಸೊಳ್ಳಿಯಿಂದ ಬರೋಹಂಗಿದ್ರ ಬೆಂಗಳೂರು ಎಂದೋ ಖಾಲಿ ಆಗತಿತ್ತು.

ಆಪ್ತಸಮಾಲೋಚಕಿ_14 · 11:40
ಸೊಳ್ಳೆಯಿಂದ ಖಂಡಿತ ಇಲ್ಲ. ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡ್ ಕೇಳಿ, ಕಾಮಾಲೆಗಾದ್ರೂ ಒಳ್ಳೇದು. ಹೆದರಬೇಕಾದ್ದು ಅವನಿಗಲ್ಲ, ಒಂದೇ ಸಿರಿಂಜ್‌ನಲ್ಲಿ ಊರಿಗೆಲ್ಲ ಇಂಜೆಕ್ಷನ್ ಕೊಡೋ ಡಾಕ್ಟರಲ್ಲದ ಡಾಕ್ಟರಿಗೆ. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆ ಬಾಂಗರ್‌ಮೌನಲ್ಲಿ 2018ರ ಶುರುವಿನಲ್ಲಿ ಹತ್ತಾರು ಜನರಿಗೆ ಹೀಗೆ ಬಂದದ್ದು ಬಯಲಾಯ್ತು. ಪಾಕಿಸ್ತಾನದ ರತೋದೇರೊದಲ್ಲಿ 2019ರಲ್ಲಿ ನೂರಾರು ಮಕ್ಕಳು. ಜ್ವರ ಅಂತ ಹೋದ ಮಕ್ಕಳು.

ಕುವೈತ್_ಸಿಸ್ಟರ್ · ಮಧ್ಯಾಹ್ನ 1:15
ಮಕ್ಕಳ ಮಾತು ಬಂತಲ್ಲ, ನನಗೆ ಲಿಬಿಯಾ ನೆನಪಾಯ್ತು. ನಾವೆಲ್ಲ ಗಲ್ಫಿನಲ್ಲಿ ನರ್ಸ್ ಆಗಿದ್ದವರು ಆ ಸುದ್ದಿಯನ್ನು ಹಾಸ್ಟೆಲಿನ ಟಿವಿ ಮುಂದೆ ಕೂತು ನೋಡ್ತಿದ್ದೆವು, ನಾಳೆ ನಮಗೂ ಹೀಗೆ ಆದ್ರೆ ಅಂತ. ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 1998ರಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ. ಬೇಕಂತಲೇ ಚುಚ್ಚಿದ್ದಾರೆ ಅಂತ ಐವರು ಬಲ್ಗೇರಿಯಾದ ನರ್ಸ್‌ಗಳು, ಒಬ್ಬ ಪ್ಯಾಲೆಸ್ತೀನ್ ಡಾಕ್ಟರ್ ಮೇಲೆ ಕೇಸು, ಮರಣದಂಡನೆ. 2006ರ ಡಿಸೆಂಬರ್‌ನಲ್ಲಿ ವಿಜ್ಞಾನಿಗಳು ಮಕ್ಕಳ ವೈರಸ್ಸಿನ ವಂಶಾವಳಿ ಬಿಡಿಸಿದ್ರು. ಪಶ್ಚಿಮ ಆಫ್ರಿಕಾದ ಎಜಿ ಅನ್ನೋ ಬೆರಕೆ. ಈ ನರ್ಸ್‌ಗಳು 1998ರ ಮಾರ್ಚ್‌ನಲ್ಲಿ ಆ ದೇಶಕ್ಕೆ ಕಾಲಿಡುವ ಮೊದಲೇ ಅದು ಆಸ್ಪತ್ರೆಯೊಳಗೆ ಹರಡ್ತಾ ಇತ್ತು ಅಂತ ಗೊತ್ತಾಯ್ತು. ಆದ್ರೂ ಅದೇ ತಿಂಗಳು ಕೋರ್ಟ್ ಮತ್ತೆ ಮರಣದಂಡನೆಯನ್ನೇ ಹೇಳಿತು. ಬಿಡುಗಡೆ ಆದದ್ದು 2007ರ ಜುಲೈನಲ್ಲಿ. ಅವತ್ತು ಡ್ಯೂಟಿ ರೂಮಿನಲ್ಲಿ ಯಾರೋ ಬಿಸ್ಕೆಟ್ ಹಂಚಿದ್ರು.

ಸಬ್‌ಟೈಪ್ ವಿಷಯ ಓದಿದ್ದು ನಾನು ಅದಕ್ಕಾಗಿ ಮಾತ್ರ.

ಘಟಪ್ರಭಾ_ದಂಡೆ · 1:40
ಅಕ್ಕಾರ, ಇದು ನಂಗ ಗೊತ್ತ ಇರಲಿಲ್ಲ. ಅದ ವಂಶಾವಳಿ ಒಂದು ಕಡೆ ನರ್ಸಗೋಳ ಪರ ಸಾಕ್ಷಿ ಹೇಳಿತು, ನಮ್ಮ ಕಡೆ ಮದುವಿ ಮುರಿಯಾಕ ನಿಂತೈತಿ.

ಲ್ಯಾಬ್_ತಮ್ಮಯ್ಯ · 3:05
ಎಲ್ಲರೂ 1ರ ಬಗ್ಗೇನೇ ಹೇಳ್ತಿದ್ದೀರಿ. ನಮ್ಮ ಕಿಟ್ಟಲ್ಲಿ ಕಂಟ್ರೋಲ್ ಗೆರೆ ಬಿಟ್ಟು ಎರಡು ಗೆರೆ ಇರ್ತಾವೆ, ಒಂದು ಎಚ್‌ಐವಿ-1ಕ್ಕೆ, ಇನ್ನೊಂದು 2ಕ್ಕೆ. ವರ್ಷಗಟ್ಟಲೆ ಎರಡನೇದು ಮೂಡಿದ್ದೇ ನೋಡಿರಲಿಲ್ಲ. ಒಂದಿನ ಸಂಜೆ, ಲೈಟ್ ಆರಿಸಿ ಹೊರಡೋ ಹೊತ್ತು, ತೆಳ್ಳಗೆ ನೇರಳೆ ಬಣ್ಣದಲ್ಲಿ ಎರಡನೇ ಗೆರೆ ಒಂದೇ ಮೂಡ್ತು. ಕಿಟಕಿ ಹತ್ರ ಹಿಡಿದು ನೋಡ್ದೆ, ಕಿಟ್ಟೇ ಕೆಟ್ಟಿದೆ ಅಂದ್ಕೊಂಡು ಇನ್ನೊಂದು ಹಾಕ್ದೆ. ಅದ್ರಲ್ಲೂ ಅದೇ. ಮೇಲಿನ ಲ್ಯಾಬ್‌ಗೆ ಕಳಿಸಿದ್ವಿ, ಎಚ್‌ಐವಿ-2 ಅಂತಲೇ ಬಂತು.

ಇದರ ತವರು ಪಶ್ಚಿಮ ಆಫ್ರಿಕಾ, ಗಿನಿ-ಬಿಸಾವ್, ಸೆನೆಗಲ್ ಕಡೆ. ಪೋರ್ಚುಗಲ್‌ನಲ್ಲೂ ಸಿಗುತ್ತೆ, ನಮ್ಮ ಪಶ್ಚಿಮ ಕರಾವಳಿಯಲ್ಲೂ ಅಲ್ಲೊಂದು ಇಲ್ಲೊಂದು. ನಿಧಾನ, ಅಷ್ಟು ಸುಲಭಕ್ಕೆ ಹರಡಲ್ಲ. ಆದ್ರೆ ಆಗ ಎಚ್‌ಐವಿಗೆ ಕೊಡ್ತಿದ್ದ ನೆವಿರಪಿನ್, ಎಫಾವಿರೆಂಜ್ ಮಾತ್ರೆಗಳು ಇದಕ್ಕೆ ನಾಟೋದೇ ಇಲ್ಲ. ನಾವು ಗೆರೆ ತಪ್ಪಾಗಿ ಓದಿದ್ರೆ ಆ ಕಾಲದಲ್ಲಿ ಆ ಮನುಷ್ಯ ನಾಟದ ಮಾತ್ರೆ ನುಂಗ್ತಾ ಕೂರ್ತಿದ್ದ. ಅದಕ್ಕೇ ಹೇಳಿದ್ದು, ಯಾವ ಥರ ಅನ್ನೋದು ಪೂರ್ತಿ ಲೆಕ್ಕಕ್ಕಿಲ್ಲ ಅನ್ಬೇಡಿ. ಲೆಕ್ಕ ಇರೋದು ಮದ್ದಿನ ಚೀಟಿಯಲ್ಲಿ, ಜಾತಕದಲ್ಲಿ ಅಲ್ಲ.

ಹೆಸರು_ಬೇಡ · ಸಂಜೆ 6:30
ಖಾತೆ ಇವತ್ತೇ ತೆರೆದೆ. ನಾನು ಪಾಸಿಟಿವ್. ಹನ್ನೊಂದು ವರ್ಷ. ಊರು ಉತ್ತರದ್ದಲ್ಲ, ದಕ್ಷಿಣದ್ದೂ ಅಲ್ಲ, ಮಧ್ಯದ್ದು.

ನನ್ನದು ಯಾವ ಸಬ್‌ಟೈಪ್ ಅಂತ ನನಗೇ ಗೊತ್ತಿಲ್ಲ. ಈ ಹನ್ನೊಂದು ವರ್ಷದಲ್ಲಿ ಯಾವ ಡಾಕ್ಟರೂ ಕೇಳಿಲ್ಲ, ಎಆರ್‌ಟಿ ಪುಸ್ತಕದಲ್ಲಿ ಅದಕ್ಕೊಂದು ಸಾಲೂ ಇಲ್ಲ. ಅವರು ಕೇಳೋದು ಇಷ್ಟೇ: ಮಾತ್ರೆ ತಪ್ಪಿಸಿದ್ರಾ, ಕೆಮ್ಮು ಇದೆಯಾ, ತೂಕ ಎಷ್ಟು. ಮೊದಲಿಗೆ ಸಿಡಿ4 ಇಷ್ಟಕ್ಕೆ ಇಳಿಯಲಿ, ಆಮೇಲೆ ಮದ್ದು ಅಂತಿದ್ರು. 2017ರಿಂದ ಪಾಸಿಟಿವ್ ಅಂದ ಕೂಡಲೇ ಶುರು ಮಾಡ್ತಾರೆ. ಈಗ ರಾತ್ರಿ ಊಟ ಆದ ಮೇಲೆ ಒಂದೇ ಮಾತ್ರೆ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ. ಹಾಗಿದ್ದಾಗ ಲೈಂಗಿಕ ಸಂಪರ್ಕದಿಂದ ನನ್ನಿಂದ ಇನ್ನೊಬ್ಬರಿಗೆ ಹೋಗಲ್ಲ. ಹೆಂಡತಿ ನೆಗೆಟಿವ್, ಮಗಳು ನೆಗೆಟಿವ್. ಮಗಳು ಈ ಸಲ ಯುಕೆಜಿ.

ಇಷ್ಟೇ ಹೇಳೋದಿತ್ತು. ನಾಳೆ ಈ ಖಾತೆ ಇರಲ್ಲ.

ಜೋಳದ_ರೊಟ್ಟಿ · 6:38
ಇರ್ರಿ ಅಣ್ಣಾರ. ಖಾತೆ ಇರಲಿ.

ನಿದ್ದೆಗೇಡಿ · 6:55
ನಾನು ಬೆಳಗ್ಗೆ ಬರೆದ "ಹೆಂಗಸರ ಸಹವಾಸ" ಅನ್ನೋ ಸಾಲು ಅಳಿಸೋಣ ಅಂದ್ರೆ ಆಗ್ತಿಲ್ಲ. ಅಡ್ಮಿನ್ ದಯವಿಟ್ಟು ತೆಗೀರಿ.

ವೇದಿಕೆ_ಅಡ್ಮಿನ್ · 7:10
ತೆಗೆಯಲ್ಲ. ಅದರ ಕೆಳಗಿನ ಉತ್ತರ ಅರ್ಥ ಆಗಬೇಕಲ್ಲ. ಶಿರಾ-ಕೇಸರಿಬಾತ್ ಚರ್ಚೆ ಬೇಕಿದ್ರೆ ಬೇರೆ ಎಳೆ ತೆರೀರಿ, ಇಲ್ಲಿ ಸಾಕು.

ರಸಬಾಳೆ · 7:30
ಮದುವೆಗೆ ಮುಂಚೆ ಎಲ್ಲರಿಗೂ ಟೆಸ್ಟ್ ಕಡ್ಡಾಯ ಮಾಡಿದ್ರೆ ಈ ರಗಳೆನೇ ಇರಲ್ವಲ್ಲ?

ಆಪ್ತಸಮಾಲೋಚಕಿ_14 · 7:48
ಕಡ್ಡಾಯ ಮಾಡೋಕೆ ಬರಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಫಲಿತಾಂಶ ಊರಿಗೆ ಸಾರೋ ಹಾಗೂ ಇಲ್ಲ. ಅದೂ ಅಲ್ಲದೆ ಸೋಂಕು ತಗುಲಿದ ಮೊದಲ ಕೆಲವು ವಾರ ಟೆಸ್ಟ್‌ನಲ್ಲಿ ಕಾಣದೇ ಇರಬಹುದು. ಒಂದು ಸಲದ ಚೀಟಿಯನ್ನ ಮದುವೆ ಆಲ್ಬಮ್‌ಗೆ ಅಂಟಿಸಿ ಮರೆಯೋಕಾಗಲ್ಲ. ಇಬ್ಬರೂ ಮಾತಾಡಿಕೊಂಡು, ಇಬ್ಬರೂ ಬಂದು ಮಾಡಿಸಿದ್ರೆ ನಮಗಿಂತ ಖುಷಿ ಯಾರಿಗೂ ಇಲ್ಲ. ಗಂಡಿಗೊಂದೇ ಕಳಿಸ್ತಾರೆ, ಇಲ್ಲಾ ಹೆಣ್ಣಿಗೊಂದೇ ಕಳಿಸ್ತಾರೆ, ಅದು ಬೇಡ. ಫೋನಲ್ಲಿ ಕೇಳಬೇಕು ಅಂದ್ರೆ 1097, ದುಡ್ಡಿಲ್ಲ.

ಘಟಪ್ರಭಾ_ದಂಡೆ · ಸೋಮವಾರ ರಾತ್ರಿ 8:15
ಎಲ್ಲಾರಿಗೂ ಶರಣ್ರಿ. ಸೂಕ್ಷ್ಮದರ್ಶಕ ಅವರು ಬರದಿದ್ದನ್ನ ಪ್ರಿಂಟ್ ತಗದು ಸೋದರಮಾವಗ ಕಳಸೋಣ ಅಂತಿದ್ದೆ. ಅದರೊಳಗ ಹುಡುಗೀನ ನನ್ನ ತಮ್ಮಗ ಮೆಸೇಜ್ ಹಾಕ್ಯಾಳ. ಮಾವ ಹಂಗಂದದ್ದು ಆಕಿಗೆ ಗೊತ್ತ ಇರಲಿಲ್ಲಂತ, ಈಗ ಮನ್ಯಾಗ ಜಗಳ ನಡದೈತಂತ. "ಇಬ್ರೂ ಹೋಗಿ ಮಾಡಿಸ್ಕೊಂಡು ಬರೋಣ, ಮಾವನ್ನೂ ಕರ್ಕೊಂಡು ಬರ್ತೀನಿ" ಅಂತ ಬರದಾಳ. ಮಾವ ಬರೂದು ಡೌಟ ಐತಿ.

ಆಪ್ತಸಮಾಲೋಚಕಿ ಅಕ್ಕಾರ, ತಮ್ಮ ಕೇಳಾಕತ್ತಾನ, ಹೊಟ್ಟಿ ಖಾಲಿ ಇರಬೇಕೇನು?

ಆಪ್ತಸಮಾಲೋಚಕಿ_14 · 8:22
ಬೇಡ. ತಿಂಡಿ ತಿಂದೇ ಬರ್ಲಿ.

ಜೋಳದ_ರೊಟ್ಟಿ · 8:23
ಶಿರಾ.